ಸಂಕಷ್ಟಿಯ ನೇರಪ್ರಸಾರ

೨೦ ಮಾರ್ಚ್ ೨೦೧೬, ಭಾನುವಾರ

ನಿನ್ನೆ ನಮ್ಮ ಯಜಮಾನರು ರಮಾಕಾಂತ್ ಪರ್ತ್‌ಗೆ ಹೋದರು. ಇಸ್ತ್ರಿ ಮಾಡಿಟ್ಟ ಎರಡು ಅಂಗಿ ಮರೆತರು, ಶೇವಿಂಗ್ ಸೆಟ್ ಮರೆತರು. ಟಿವಿ ಚಾನೆಲ್ಲನ್ನು ಹೆಂಡತಿಯ ತಲೆಗೆ ಕಟ್ಟುವುದನ್ನು ಮಾತ್ರ ಮರೆಯಲಿಲ್ಲ.

ಯಾರ ಹತ್ತಿರ ಕೂಗಾಡಲಿ? ಮಗ ಪ್ರಶಾಂತ ಸಂಸಾರ ಸಮೇತ ಬ್ರಿಸ್ಬೇನಿನಲ್ಲಿದ್ದಾನೆ. ಅತ್ತೆ ತೀರಿಹೋಗಿ ಎರಡು ವರ್ಷವಾಯಿತು. ಮನೆಯಲ್ಲಿ ನಾನೊಬ್ಬಳೇ. ಅದಕ್ಕೇ ಈ ಬರವಣಿಗೆ. ಇದನ್ನು ಯಾರೂ ಓದುವುದಿಲ್ಲ ಎನ್ನುವುದೇ ಇದರ ಸುಖ.

ನಮ್ಮ ಬಡಾವಣೆ ಬ್ಲೇರ್ ಅಥಾಲ್‌ನಲ್ಲಿ ಎಲ್ಲರ ಹಿತ್ತಲಲ್ಲೂ ಶೆಡ್ ಇದೆ. ಒಳಗೆ ಹುಲ್ಲು ಕತ್ತರಿಸುವ ಮೆಷಿನ್ನೋ ಹಳೆಯ ಸೈಕಲ್ಲೋ ಇರುತ್ತದೆ. ನಮ್ಮ ಶೆಡ್ಡಿನಲ್ಲಿರುವುದು ಟಿವಿ ಸ್ಟೇಷನ್ನು. ಒಂದು ಟ್ರಾನ್ಸ್‌ಮಿಟರ್, ಒಂದು ಕಂಪ್ಯೂಟರ್, ಪಕ್ಕದಲ್ಲಿ ಕಂಬ, ಕಂಬದ ತುದಿಗೆ ಆಂಟೆನಾ. ಮೊದಲು ಒಂದು ಇಟಾಲಿಯನ್ ಕುಟುಂಬ ನಡೆಸುತ್ತಿತ್ತು. ಅವರ ಮಕ್ಕಳಿಗೆ ಬೇಡವಾಯಿತು, ನನ್ನ ಗಂಡನಿಗೆ ಬೇಕಾಯಿತು. ಪವರ್ ಬಹಳ ಕಡಿಮೆ. ಸುತ್ತಮುತ್ತ ನಾಲ್ಕು ಬಡಾವಣೆಗೆ ಚೆನ್ನಾಗಿ ಸಿಗುತ್ತದೆ, ದೂರದ ಸ್ಯಾಲಿಸ್‌ಬರಿ ಮುಟ್ಟುವ ಹೊತ್ತಿಗೆ ಏದುಸಿರು ಬಿಡುತ್ತದೆ. ಸೋಮವಾರ ನೇಪಾಳಿ ಭಜನೆ, ಬುಧವಾರ ಇಟಾಲಿಯನ್ ಅಜ್ಜಂದಿರು ಚೆಂಡು ಉರುಳಿಸುವ ಆಟ, ಶನಿವಾರ ಕನ್ನಡ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಇವೇ ಮತ್ತೆ ಮತ್ತೆ.

ಈ ಚಾನೆಲ್ಲನ್ನು ಸಾಕಲೆಂದೇ ಇವರು ಪರ್ತ್‌ನ ಕ್ಯಾನಿಂಗ್ಟನ್ನಿನ ಹತ್ತಿರ ರೈಲ್ವೆ ಸಿಗ್ನಲ್ಲಿನ ಕಾಂಟ್ರ್ಯಾಕ್ಟ್ ಕೆಲಸ ಹಿಡಿದಿದ್ದಾರೆ. ಈ ವಯಸ್ಸಿನಲ್ಲಿ. ಏರ್‌ಪೋರ್ಟಿನಲ್ಲೇ ಜಗಳವಾಯಿತು.

“ಯಾರೂ ನೋಡದ ಚಾನೆಲ್ಲಿಗೆ ಯಾಕ್ರೀ ಜೀವ ತೇಯ್ತೀರಾ?” ಎಂದೆ.

“ಯಾರೂ ನೋಡಲ್ಲ ಅಂತ ಹೇಗೆ ಹೇಳ್ತೀಯ?”

“ಯಾರು ನೋಡ್ತಾರೆ, ಒಬ್ಬರ ಹೆಸರು ಹೇಳಿ.”

ಸೂಟ್‌ಕೇಸಿನ ಹಿಡಿಯನ್ನು ಮೇಲೆ ಕೆಳಗೆ ಎಳೆದರು. ಆಮೇಲೆ ಅಂದರು: “ಜೂನ್ ಕೊನೆಗೆ ಲೈಸೆನ್ಸ್ ಮುಗಿಯುತ್ತೆ. ಅಲ್ಲೀವರೆಗೆ ನಡೆಸು ಕಸ್ತೂರಿ. ಅಷ್ಟರಲ್ಲಿ ಒಬ್ಬರಾದ್ರೂ ನೋಡ್ತಾರೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಾನೇ ಬಂದು ಕೈಯಾರೆ ಆಫ್ ಮಾಡ್ತೀನಿ.”

ಮಾತು ಅಂದರೆ ಮಾತು ಎಂದೆ. ಜೂನ್ ಬೇಗ ಬರಲಿ.

೨೭ ಮಾರ್ಚ್, ಭಾನುವಾರ

ಇವತ್ತು ಸಂಕಷ್ಟಿ. ಬೆಳಗ್ಗೆಯೇ ಪರ್ತ್‌ನಿಂದ ಫೋನು. ನಾನು ಹೇಗಿದ್ದೇನೆ ಎಂದು ಕೇಳಲಿಕ್ಕಲ್ಲ. “ಚಂದ್ರನ್ನ ಮರೀಬೇಡ.”

ಈ ಚಂದ್ರನ ಕಥೆಗೆ ಕಾರಣ ನನ್ನ ಅತ್ತೆ ಇಂದಿರಮ್ಮ. ಅವರು ಒಂದು ಸಂಕಷ್ಟಿಯನ್ನೂ ಬಿಟ್ಟವರಲ್ಲ. ಚಂದ್ರನನ್ನು ನೋಡಿ ಅರ್ಘ್ಯ ಬಿಡದೆ ಬಾಯಿಗೆ ಅಗುಳು ಹಾಕುತ್ತಿರಲಿಲ್ಲ. ಕೊನೆಕೊನೆಗೆ ಮಂಡಿ ಹೋಯಿತು, ಅಂಗಳಕ್ಕೂ ಬರಲಾಗುತ್ತಿರಲಿಲ್ಲ. ಇವರು ಕಂಬದ ಮೇಲೆ ಕ್ಯಾಮೆರಾ ಕಟ್ಟಿ ಪೂರ್ವದ ಗುಡ್ಡಗಳ ಕಡೆ ತಿರುಗಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಶೆಡ್ಡಿನಿಂದ ಅಮ್ಮನ ರೂಮಿಗೆ ಒಂದು ವೈರ್ ಎಳೆಯುವ ಬದಲು ಊರಿಗೆಲ್ಲ ಪ್ರಸಾರ ಮಾಡಿದರು. ಅತ್ತೆ ಮಂಚದ ಮೇಲೆ ಕೂತು ಟಿವಿಯ ಚಂದ್ರನಿಗೆ ಕೈ ಮುಗಿದರು. ಅಂದಿನಿಂದ ಪ್ರತಿ ಸಂಕಷ್ಟಿಗೂ ನೇರಪ್ರಸಾರ. ಅತ್ತೆ ಹೋದ ಮೇಲೂ ನಿಲ್ಲಿಸಲಿಲ್ಲ.

ಮಾತಿಲ್ಲ, ಹಾಡಿಲ್ಲ. ಕತ್ತಲೆಯ ಗುಡ್ಡ, ಕ್ಯಾಮೆರಾಕ್ಕೆ ಬಡಿಯುವ ಗಾಳಿಯ ಸದ್ದು. ಕೊನೆಗೆ ಚಂದ್ರ. ಶೆಡ್ಡಿನಲ್ಲಿ ಕುಳಿತು ಅದನ್ನೇ ನೋಡಿದೆ. ಆಕಾಶ ತಿಳಿಯಾಗಿತ್ತು, ಚೆನ್ನಾಗಿಯೇ ಬಂದ. ಕಂಪ್ಯೂಟರು ಅದನ್ನು ತನ್ನಷ್ಟಕ್ಕೆ ರೆಕಾರ್ಡ್ ಮಾಡಿಕೊಂಡಿತು. ನಾನು ಉಪವಾಸಗಿಪವಾಸ ಮಾಡುವವಳಲ್ಲ. ಮಧ್ಯೆ ಎದ್ದು ಹೋಗಿ ಉಪ್ಪಿಟ್ಟು ತಿಂದು ಬಂದೆ.

೧೦ ಏಪ್ರಿಲ್, ಭಾನುವಾರ

ನನಗೂ ತಲೆ ಇದೆ. ಯಾರೂ ನೋಡುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಇವರು ಒಪ್ಪುವುದಿಲ್ಲ. ಹೋದ ಭಾನುವಾರ ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತೆರೆಯ ಮೇಲೆ ಹಾಕಿದೆ: ನೀವು ಈ ಚಾನೆಲ್ ನೋಡುತ್ತಿದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಒಂದು ವಾರ ಪೂರ್ತಿ ಹಾಕಿದೆ.

ಒಂದೇ ಒಂದು ಕರೆ ಬಂತು. ಸೋಲಾರ್ ಪ್ಯಾನೆಲ್ ಮಾರುವವನದು. ನಂಬರು ಟಿವಿಯಲ್ಲಿ ನೋಡಿದೆಯಾ ಎಂದು ಕೇಳಿದರೆ, “ವಾಟ್ ಟಿವಿ?” ಎಂದ.

ಇವರಿಗೆ ಹೇಳಿದೆ. ಗೆದ್ದ ಖುಷಿಯಾಗಬೇಕಿತ್ತು. ಆ ಕಡೆಯಿಂದ ಬರೀ “ಹೌದಾ” ಎಂದರು. ಆ “ಹೌದಾ” ಕೇಳಿ ನನಗೇ ಸಿಟ್ಟು ಬಂತು. ಜಗಳವಾಡಬಾರದೇ ಮನುಷ್ಯ?

೨೫ ಏಪ್ರಿಲ್, ಸೋಮವಾರ

ಆನ್‌ಜ್ಯಾಕ್ ಡೇ, ಯುದ್ಧದಲ್ಲಿ ಸತ್ತ ಸೈನಿಕರನ್ನು ಇಲ್ಲಿ ನೆನೆಯುವ ದಿನ. ಅಂಗಡಿಗಳೆಲ್ಲ ಮುಚ್ಚಿರುವ ದಿನವೇ ನೋಡಿಕೊಂಡು ಟ್ರಾನ್ಸ್‌ಮಿಟರಿನ ಫ್ಯಾನ್ ಕೆಟ್ಟಿತು. ಅಡುಗೆಮನೆಯ ಟೇಬಲ್ ಫ್ಯಾನ್ ತಂದು ಎದುರಿಗೆ ಇಟ್ಟೆ. ಸಂಕಷ್ಟಿ ಬೇರೆ. ಚಂದ್ರ ಬಂದ, ಹೋದ. ಯಾರಿಗೂ ಏನೂ ಆಗಲಿಲ್ಲ. ನನಗೆ ಶೀತವಾಯಿತು.

೧೫ ಮೇ, ಭಾನುವಾರ

ಪ್ರಶಾಂತ ವೀಡಿಯೊ ಕಾಲ್ ಮಾಡಿದ್ದ. ಶೆಡ್ ಇರುವ ಜಾಗದಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿ ಬಾಡಿಗೆಗೆ ಕೊಡಬಹುದಂತೆ. ಚಿತ್ರವೂ ತೋರಿಸಿದ. ಬಿಳಿ ಗೋಡೆ, ಹಸಿರು ಬಾಗಿಲು, ಕಿಟಕಿಯಲ್ಲಿ ಹೂವಿನ ಕುಂಡ.

“ಅಮ್ಮ, ನೀನಾದ್ರೂ ಅಪ್ಪನಿಗೆ ಬುದ್ಧಿ ಹೇಳು. ಈಗ ಎಲ್ಲಾ ಫೋನಲ್ಲೇ ನೋಡ್ತಾರೆ. ಆಂಟೆನಾ ಹಾಕ್ಕೊಂಡು ಯಾರು ಕೂತಿದಾರೆ?”

“ನಾನೂ ಅದೇ ಹೇಳ್ತಿರೋದು” ಎಂದೆ.

ಮೊಮ್ಮಗಳು ಅನನ್ಯಾ ಮಧ್ಯೆ ಮುಖ ತೂರಿಸಿ, “ಅಜ್ಜಿ, ಆರ್ ಯು ಆನ್ ಟೆಲಿ ನೌ?” ಎಂದಳು. ಇಲ್ಲ ಪುಟ್ಟಿ, ಅಜ್ಜಿ ಟೆಲಿಗೆ ಕಸ ಗುಡಿಸುತ್ತಾಳೆ ಎಂದೆ. ಅವಳಿಗೆ ಅರ್ಥವಾಯಿತು, ನಕ್ಕಳು.

೨೫ ಮೇ, ಬುಧವಾರ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ನಾನು ಕೆಲಸ ಮಾಡುವ ಚೈಲ್ಡ್‌ಕೇರಿನಲ್ಲಿ ಮಕ್ಕಳೆಲ್ಲ ಒಳಗೇ ಇದ್ದು ನನ್ನ ತಲೆ ಚಿಟ್ಟು ಹಿಡಿಸಿದರು. ಮನೆಗೆ ಬಂದರೆ ಮತ್ತೆ ಸಂಕಷ್ಟಿ. ಗೆಳತಿ ಉಷಾ ಸಂಜೆ ಊಟಕ್ಕೆ ಕರೆದಿದ್ದಳು. ಅವಳ ತಂಗಿ ಮೈಸೂರಿನಿಂದ ಬಂದಿದ್ದಾಳೆ, ಮೈಸೂರುಪಾಕು ತಂದಿದ್ದಾಳೆ. ಈ ಚಂದ್ರ ಹುಟ್ಟುವುದು ಎಂಟೂವರೆಯ ಮೇಲೆ. ಅದೂ ಮೋಡದ ಹಿಂದೆ. ಅಲ್ಲಿಯವರೆಗೆ ಸೋರುವ ಶೆಡ್ಡಿನಲ್ಲಿ ಕೂತು ಕಪ್ಪು ತೆರೆ ನೋಡುತ್ತಾ ಇರಲಿಕ್ಕೆ ನನಗೇನು ಹುಚ್ಚೇ?

ಮಾರ್ಚಿನ ರೆಕಾರ್ಡಿಂಗ್ ಇತ್ತಲ್ಲ, ಅದನ್ನೇ ಹಾಕಿದೆ. ಏಳು ಗಂಟೆಗೇ ಶುರು ಮಾಡಿ ಕಾರು ಹತ್ತಿದೆ. ಚಂದ್ರನಿಗೆ ಹೊಸದು ಹಳೆಯದು ಎಂದು ಬೇರೆ ಇದೆಯೇ? ಹೇಗೂ ನೋಡುವವರಿಲ್ಲ.

ಮೈಸೂರುಪಾಕು ಬಾಯಲ್ಲಿಟ್ಟರೆ ಕರಗಿತು. ಬಹಳ ದಿನದ ಮೇಲೆ ನಕ್ಕೆ.

೨೭ ಮೇ, ಶುಕ್ರವಾರ

ಮಧ್ಯಾಹ್ನ ಫೋನು ಬಂತು. ಹೆಂಗಸಿನ ದನಿ, ವಯಸ್ಸಾದವರದು, ನಮ್ಮ ಮಂಡ್ಯದ ಕಡೆಯ ಮಾತು.

“ತಾಯಿ, ನೀವೇನಾ ಟಿವೀಲಿ ಚಂದ್ರನ್ನ ತೋರ್ಸೋರು?”

ಹೌದು ಎಂದೆ.

ಹೆಸರು ನಾಗಮ್ಮ. ಸ್ಯಾಲಿಸ್‌ಬರಿಯಲ್ಲಿ ಮಗ ಸತೀಶನ ಮನೆಯಲ್ಲಿದ್ದಾರೆ. ಹಳೆಯ ಬಾಡಿಗೆ ಮನೆ, ಟಿವಿಯೂ ಆಂಟೆನಾವೂ ಮನೆಯ ಜೊತೆಗೇ ಬಂದವು. ಕಿಟಕಿಗಳೆಲ್ಲ ಪಡುವಣಕ್ಕೆ, ಎದುರಿಗೆ ಗೋಡೌನು. ಒಂದು ದಿನ ರಿಮೋಟ್ ಒತ್ತುತ್ತಾ ಹೋದಾಗ ನಮ್ಮ ಚಂದ್ರ ಸಿಕ್ಕನಂತೆ.

“ಮಗನಿಗೆ ಇಲ್ಲೇ ನೆಲೆಸಕ್ಕೆ ಪಿಆರ್ ಸಿಗ್ಲಿ ಅಂತ ಇಪ್ಪತ್ತೊಂದು ಸಂಕಷ್ಟಿ ಹೊತ್ಕೊಂಡಿದೀನಿ ಕಣಮ್ಮ. ಟಿವಿ ಮುಂದೇನೆ ಅರ್ಘ್ಯ ಬಿಡ್ತೀನಿ. ಕೆಳಗೆ ತಟ್ಟೆ ಇಟ್ಕೊಂಡಿರ್ತೀನಿ, ಟಿವಿಗೆ ನೀರು ತಾಗ್ಬಾರ್ದು ನೋಡಿ. ಪಕ್ಕದ ಬೀದೀಲಿ ನಮ್ಮ ಕಡೆ ಹೆಣ್ಮಕ್ಕಳು ಓದಕ್ಕೆ ಬಂದವ್ರೆ, ಅವರೂ ಬರ್ತಾರೆ. ಕಡುಬಿನ ಆಸೆಗೆ ಬರ್ತಾವೆ, ಬರ್ಲಿ ಬಿಡಿ.”

ಆಮೇಲೆ ದನಿ ತಗ್ಗಿಸಿದರು. “ಮೊನ್ನೆ ಏನಾಯ್ತು ಅಂದ್ರೆ, ಚಂದ್ರ ಬೇಗ ಬಂದ. ನಾವು ಪೂಜೆ ಮಾಡಿ ಊಟ ಮಾಡಿದ್ವಿ. ನನ್ನ ಮಗ ಕೆಲಸದಿಂದ ನೆನ್ಕೊಂಡು ಬಂದ. ಅಮ್ಮ, ಆಕಾಶ ತುಂಬ ಮೋಡ, ಯಾವ ಚಂದ್ರನ್ನ ನೋಡ್ದೆ ನೀನು ಅಂತಾನೆ. ನನಗೆ ಕೋಪ ಬಂದ್ಬಿಡ್ತು. ಟಿವಿಯವರು ಸುಳ್ಳು ತೋರಿಸ್ತಾರೇನೋ ಅಂತ ಬೈದೆ. ಎರಡು ದಿನದಿಂದ ಅವನೂ ಮಾತಾಡಿಲ್ಲ, ನಾನೂ ಮಾತಾಡಿಲ್ಲ. ನೀವೊಂದು ಮಾತು ಹೇಳ್ಬಿಡಿ ತಾಯಿ, ಅವನಿಗೆ ಹೇಳ್ತೀನಿ.”

“ಗುಡ್ಡದ ಕಡೆ ಸ್ವಲ್ಪ ಹೊತ್ತು ಮೋಡ ಸರಿದಿತ್ತಮ್ಮ” ಎಂದುಬಿಟ್ಟೆ.

“ಅದೇ ಅಂದ್ಕೊಂಡೆ! ಮೊನ್ನೇದು ಇಪ್ಪತ್ತನೇದು. ಇನ್ನೊಂದೇ ಬಾಕಿ.”

ಫೋನ್ ಮಾಡಿ ಎಂದು ವಾರ ಪೂರ್ತಿ ಬರೆದು ಹಾಕಿದ್ದೆನಲ್ಲ, ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಇಂಗ್ಲಿಷ್ ಓದಲು ಬರುವುದಿಲ್ಲವಂತೆ. ಆದರೆ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡಿದ್ದರಂತೆ, ಯಾವತ್ತಾದರೂ ಬೇಕಾಗಬಹುದು ಎಂದು.

೨೮ ಮೇ, ಶನಿವಾರ

ಎಲ್ಲರ ಮೇಲೂ ಕೋಪ ಬರುತ್ತಿದೆ. ನಾಗಮ್ಮನ ಮೇಲೆ, ಇಷ್ಟು ದಿನ ಸುಮ್ಮನಿದ್ದದ್ದಕ್ಕೆ. ಅವರ ಮಗನ ಮೇಲೆ, ಅವತ್ತೇ ಮಳೆಯಲ್ಲಿ ನೆಂದು ಬಂದದ್ದಕ್ಕೆ. ಉಷಾಳ ಮೈಸೂರುಪಾಕಿನ ಮೇಲೂ.

ಒಬ್ಬರಾದರೂ ನೋಡುತ್ತಾರೆ ಎಂದು ಗೊತ್ತಾದರೆ ಚಾನೆಲ್ ಉಳಿಯುತ್ತದೆ. ಇದು ಮಾತು. ಈಗ ಗೊತ್ತಾಗಿದೆ. ಇವರಿಗೆ ಹೇಳಿದರೆ ನನ್ನ ಕುತ್ತಿಗೆಗೆ ಬಿದ್ದ ಗಂಟು ಜನ್ಮದಲ್ಲಿ ಬಿಚ್ಚುವುದಿಲ್ಲ. ಹೇಳದಿದ್ದರೆ ಇನ್ನೊಂದು ತಿಂಗಳಿಗೆ ನಾನು ಗೆದ್ದೆ. ಹೇಳುವುದಾದರೂ ಏನೆಂದು? ನಿಮ್ಮ ಚಾನೆಲ್ಲನ್ನು ನಂಬಿದ ಮುದುಕಿಯ ವ್ರತವನ್ನು ಮುರಿದೆ ಎಂದೇ?

ಹೇಳುವುದಿಲ್ಲ. ಜೂನಿನ ಸಂಕಷ್ಟಿಯೊಂದು ಆದರೆ ಅವರ ಇಪ್ಪತ್ತೊಂದು ಮುಗಿಯಿತು. ನಾಗಮ್ಮನಿಗೆ ಮೇ ತಿಂಗಳದ್ದು ಗೊತ್ತೇ ಇಲ್ಲ. ಗಣಪತಿಗೂ ಗೊತ್ತಿರಲಾರದು, ಅವನೂ ಟಿವಿಯನ್ನೇ ನೋಡಿದ್ದರೆ.

ಸುಮ್ಮನೆ ತಮಾಷೆಗೆ ಬರೆದೆ. ನಗು ಬರುತ್ತಿಲ್ಲ.

೫ ಜೂನ್, ಭಾನುವಾರ

ಶೆಡ್ಡಿನ ತಗಡಿಗೆ ಟಾರ್ ಹಚ್ಚಿದೆ. ಸೋರುವುದು ನಿಂತಿತು. ಟ್ರಾನ್ಸ್‌ಮಿಟರಿಗೆ ಹೊಸ ಫ್ಯಾನ್ ತರಿಸಿ ಕೂರಿಸಿದೆ. ಮುಚ್ಚುವ ಚಾನೆಲ್ಲಿಗೆ ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಬಹುದು. ಟೇಬಲ್ ಫ್ಯಾನ್ ನನಗೆ ವಾಪಸ್ ಬೇಕಿತ್ತು.

ಕ್ಯಾಮೆರಾ ಗಾಜಿನ ಮೇಲೆ ಹಕ್ಕಿ ಗಲೀಜು ಮಾಡಿತ್ತು. ಏಣಿ ಹತ್ತಿ ಒರೆಸಿದೆ. ಕಂಪ್ಯೂಟರಿನಲ್ಲಿ ಹಳೆಯ ಚಂದ್ರರನ್ನೆಲ್ಲ ಹಾಕಿ ನೋಡಿದೆ. ಒಂದೊಂದು ತಿಂಗಳು ಒಂದೊಂದು ಕಡೆ ಹುಟ್ಟುತ್ತಾನೆ. ಮೇ ತಿಂಗಳಲ್ಲಿ ಗುಡ್ಡದ ಬಲಕ್ಕೆ ಹೋಗಿರುತ್ತಾನೆ, ಆಮೇಲೆ ಮೆಲ್ಲಗೆ ಎಡಕ್ಕೆ ಬರುತ್ತಾನೆ. ಇವರು ಪ್ರತಿ ತಿಂಗಳೂ ಏಣಿ ಹತ್ತಿ ಕ್ಯಾಮೆರಾ ತಿರುಗಿಸುತ್ತಿದ್ದರು. ನಾನು ಆಂಟೆನಾ ಒರೆಸುತ್ತಾರೆ ಎಂದುಕೊಂಡಿದ್ದೆ.

ಕೆಲವು ಫೈಲುಗಳಲ್ಲಿ ಅತ್ತೆಯ ದನಿ ಇದೆ. ಆಗ ಮೈಕ್ ತೆರೆದಿಟ್ಟಿದ್ದರೋ ಏನೋ, ಮನೆಯ ಒಳಗಿನಿಂದ ಕೇಳಿಸುತ್ತದೆ: “ಬಂದ ಕಣೋ, ಬಂದ.” ಬೇಗ ಆಫ್ ಮಾಡಿದೆ.

೧೨ ಜೂನ್, ಭಾನುವಾರ

ಪರ್ತ್‌ನಿಂದ ಫೋನು.

“ಯಾರಾದ್ರೂ ಫೋನ್ ಮಾಡಿದ್ರಾ?”

“ಇಲ್ಲ” ಎಂದೆ.

“ಸರಿ ಬಿಡು. ನೀನು ಹೇಳಿದ್ದೇ ಸರಿ ಕಸ್ತೂರಿ. ಅಮ್ಮ ಹೋದಾಗ್ಲೇ ನಿಲ್ಲಿಸ್ಬೇಕಿತ್ತು. ಲೈಸೆನ್ಸ್ ರಿನ್ಯೂ ಮಾಡ್ಸಲ್ಲ. ಮೂವತ್ತಕ್ಕೆ ಬರ್ತೀನಿ, ಬಂದು ಆಫ್ ಮಾಡ್ತೀನಿ.”

ಮದುವೆಯಾದಾಗಿನಿಂದ ನಾನು ಹೇಳಿದ್ದು ಸರಿ ಎಂದು ಒಪ್ಪಿದವರಲ್ಲ. ಒಪ್ಪಲಿಕ್ಕೆ ಇದೇ ವಿಷಯ ಬೇಕಿತ್ತೇ? ಇಷ್ಟು ಬೇಗ ಸೋಲೊಪ್ಪುವುದಾದರೆ ಇಷ್ಟು ವರ್ಷ ನನ್ನ ಪ್ರಾಣ ಹಿಂಡಿದ್ದೇಕೆ? ಸಾರು ಸೀದುಹೋಯಿತು.

೨೦ ಜೂನ್, ಸೋಮವಾರ

ಮೋಡ.

೨೨ ಜೂನ್, ಬುಧವಾರ

ಮೋಡ. ಚೈಲ್ಡ್‌ಕೇರಿನಲ್ಲಿ ಕಿಟಕಿಯ ಹತ್ತಿರ ನಾಲ್ಕು ಸಲ ಹೋದೆನಂತೆ. ಯಾರನ್ನಾದರೂ ಕಾಯುತ್ತಿದ್ದೀರಾ ಎಂದು ಮೇಡಂ ಕೇಳಿದರು.

೨೩ ಜೂನ್, ಗುರುವಾರ

ಇಂದು ಸಂಕಷ್ಟಿ. ರಜೆ ಹಾಕಿದೆ. ಮಧ್ಯಾಹ್ನವೇ ಕ್ಯಾಮೆರಾ ತಿರುಗಿಸಿ, ಗಾಜು ಒರೆಸಿ ಸಿದ್ಧ ಮಾಡಿದೆ. ಕತ್ತಲಾಯಿತು. ಚಂದ್ರ ಹುಟ್ಟುವ ಹೊತ್ತೂ ಆಯಿತು. ತೆರೆಯ ಮೇಲೆ ಗುಡ್ಡವೂ ಕಾಣುತ್ತಿಲ್ಲ, ಬರೀ ಕಪ್ಪು. ಕಂಪ್ಯೂಟರಿನಲ್ಲಿ ಮಾರ್ಚಿನ ಚಂದ್ರ ಒಂದು ಬಟನ್ನಿನ ದೂರದಲ್ಲಿದ್ದ. ಸ್ಯಾಲಿಸ್‌ಬರಿಯಲ್ಲಿ ನಾಗಮ್ಮ ತಟ್ಟೆ ಇಟ್ಟುಕೊಂಡು ಕೂತಿರುತ್ತಾರೆ. ಇಪ್ಪತ್ತೊಂದನೆಯದು. ಒಂದು ಸಲ ಒತ್ತಿದರೆ ಎಲ್ಲ ಮುಗಿಯುತ್ತದೆ, ಅವರಿಗೂ ಊಟ, ನನಗೂ ಬಿಡುಗಡೆ.

ಕನ್ನಡ ಕಾರ್ಯಕ್ರಮಕ್ಕೆ ಇವರು ಬಳಸುವ ಮೈಕ್ ಮೇಜಿನ ಮೇಲಿತ್ತು. ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿದವಳಲ್ಲ. ಆನ್ ಮಾಡಿದೆ. ತೆರೆಯ ಕೆಳಗೆ ಫೋನ್ ನಂಬರನ್ನೂ ಹಾಕಿದೆ.

“ನಮಸ್ಕಾರ. ನಾನು ಕಸ್ತೂರಿ. ಇನ್ನೂ ಚಂದ್ರ ಬಂದಿಲ್ಲ. ಗುಡ್ಡದ ಮೇಲೆ ಮೋಡ ಇದೆ. ಬಂದ ತಕ್ಷಣ ತೋರಿಸ್ತೀನಿ. ಇನ್ನೊಂದು ಮಾತು. ಹೋದ ತಿಂಗಳು ನೀವು ನೋಡಿದ್ದು ನಿಜವಾದ ಚಂದ್ರ ಅಲ್ಲ. ಮಾರ್ಚ್ ತಿಂಗಳದ್ದು ರೆಕಾರ್ಡ್ ಆಗಿತ್ತು, ಅದನ್ನ ಹಾಕಿ ನಾನು ಊಟಕ್ಕೆ ಹೋಗಿದ್ದೆ. ಯಾರೂ ನೋಡಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು.”

ಮೈಕ್ ಆಫ್ ಮಾಡುವ ಮೊದಲೇ ಫೋನು ಬಡಿದುಕೊಂಡಿತು. ಯಾರೋ ಗಂಡಸು. ಮನೆಯಲ್ಲಿ ಹೆಂಡತಿ ಬಸುರಿ, ಅಂಥವಳು ಉಪವಾಸ ಮಾಡಿದ್ದಳು, ನಾಚಿಕೆಯಾಗುವುದಿಲ್ಲವೇ ಎಂದು ಕೂಗಿ ಇಟ್ಟ. ಆಮೇಲೊಬ್ಬರು ಮರಾಠಿ ಹೆಂಗಸು, ಕನ್ನಡ ಅರ್ಧ ಅರ್ಥವಾಗಿತ್ತು, ಮತ್ತೆ ಇಂಗ್ಲಿಷಿನಲ್ಲಿ ಹೇಳಿಸಿಕೊಂಡರು. ಆಮೇಲೆ ಪಕ್ಕದ ಬಡಾವಣೆ ಎನ್‌ಫೀಲ್ಡಿನ ಒಬ್ಬರು, “ಆಂಟಿ, ಮೋಡ ಸರಿಯುತ್ತಾ?” ಎಂದರು. ನಾನೇನು ಹವಾಮಾನ ಇಲಾಖೆಯೇ? ಇಷ್ಟು ಜನ ಇಷ್ಟು ದಿನ ಎಲ್ಲಿ ಸತ್ತಿದ್ದರು?

ಕೊನೆಗೆ ನಾಗಮ್ಮ.

“ನನ್ನ ಮಗನಿಗೆ ಸುಮ್ಮನೆ ಬೈದೆ ಹಾಗಾದ್ರೆ.”

“ಹೌದಮ್ಮ.”

“ನಾನು ಕೇಳಿದಾಗ್ಲೂ ಹೇಳ್ಲಿಲ್ಲ ನೀವು.”

ಅಳು ಬಂತು. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

“ಮೇ ತಿಂಗಳದ್ದು ಲೆಕ್ಕಕ್ಕಿಲ್ಲ” ಎಂದರು ನಾಗಮ್ಮ. “ಇವತ್ತಿಂದು ಇಪ್ಪತ್ತು. ಇನ್ನೊಂದು ಬಾಕಿ ಬಿತ್ತು. ಮುಂದಿನ ತಿಂಗಳು ನಿಜವಾದ್ದೇ ತೋರಿಸ್ತೀರ ತಾನೆ?”

“ತೋರಿಸ್ತೀನಿ” ಎಂದೆ.

“ಸರಿ. ಈಗ ಕಾಯ್ತೀವಿ.”

ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಹುಡುಗಿಯರು ಏನೋ ಹರಟುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. ನಾನು ಕಪ್ಪು ತೆರೆಯನ್ನೇ ನೋಡುತ್ತಿದ್ದೆ. ಒಂದು ಮೂಲೆ ಸ್ವಲ್ಪ ಬೂದುಬಣ್ಣವಾಯಿತು, ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. ಮೋಡದ ಅಂಚಿನಲ್ಲಿ ಚಂದ್ರ ಬಂದ. ಮಾರ್ಚಿನಷ್ಟು ಚೆನ್ನಾಗೇನೂ ಇರಲಿಲ್ಲ. ಮಸುಕು, ಒಂದು ಕಡೆ ತಿಂದುಹೋದಂತೆ. ಫೋನಿನಲ್ಲಿ ಒಬ್ಬ ಹುಡುಗಿ “ಬಂತು ಅಜ್ಜಿ, ಬಂತು!” ಎಂದು ಕಿರುಚಿದಳು. ಗಂಟೆಯ ಸದ್ದು ಕೇಳಿಸಿತು. ಆಮೇಲೆ ಯಾರೂ ಫೋನಿನ ಕಡೆ ಬರಲಿಲ್ಲ, ಮರೆತರೆಂದು ಕಾಣುತ್ತದೆ.

ಮನೆಗೆ ಬಂದು ನಿಂತೇ ಮೊಸರನ್ನ ತಿಂದೆ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ ಎಂದು ಆಗ ನೆನಪಾಯಿತು. ಅಡುಗೆ ಮಾಡಲು ಪುರುಸೊತ್ತಿರಲಿಲ್ಲ, ಅಷ್ಟೇ.

೩೦ ಜೂನ್, ಗುರುವಾರ

ಇವರು ಮಧ್ಯಾಹ್ನ ಬಂದರು. ಸೊರಗಿದ್ದಾರೆ. ಕಾಫಿ ಕೊಡುತ್ತೇನೆ ಎಂದರೂ ನಿಲ್ಲದೆ ಹಿತ್ತಲಿಗೆ ನಡೆದರು. ಕೊಟ್ಟ ಮಾತು ಉಳಿಸಿಕೊಳ್ಳುವುದರಲ್ಲಿ ಮಾತ್ರ ಎತ್ತಿದ ಕೈ.

ಶೆಡ್ಡಿಗೆ ಬೀಗ ಹಾಕಿತ್ತು.

“ಬೀಗ ಯಾಕೆ? ಕೀ ಕೊಡು.”

“ಮೊದಲು ಲೈಸೆನ್ಸ್ ರಿನ್ಯೂ ಮಾಡಿ. ಇವತ್ತೇ ಕೊನೇ ದಿನ. ಮನೇಲಿ ಲ್ಯಾಪ್‌ಟಾಪಲ್ಲಿ ಫಾರ್ಮ್ ತೆರೆದಿಟ್ಟಿದೀನಿ, ನಿಮ್ಮ ಪಾಸ್‌ವರ್ಡ್ ಒಂದೇ ಬಾಕಿ.”

ನನ್ನ ಮುಖವನ್ನೇ ನೋಡಿದರು. “ಯಾರಾದ್ರೂ ನೋಡ್ತಾರಾ?”

“ಒಬ್ಬರ ಹೆಸರು ಹೇಳಿ ಅಂದಿದ್ನಲ್ಲ ನಾನು? ನಾಗಮ್ಮ.”

ಅಂಗಳದಲ್ಲೇ ನಿಂತು ಎಲ್ಲ ಹೇಳಿದೆ. ಮಾರ್ಚಿನ ಚಂದ್ರನನ್ನೂ ಹೇಳಿದೆ, ಮೈಸೂರುಪಾಕನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಕಂಬಕ್ಕೆ ಒರಗಿ ಕನ್ನಡಕ ತೆಗೆದು ಒರೆಸಿದರು. “ಅಮ್ಮ ಇದ್ದಿದ್ರೆ ನಿನ್ನ ಸುಮ್ಮನೆ ಬಿಡ್ತಿರ್ಲಿಲ್ಲ” ಎಂದರು, ಅಷ್ಟೇ. ಶೂ ಕೂಡ ಬಿಚ್ಚದೆ ಕೂತು ರಿನ್ಯೂ ಮಾಡಿದರು. ಪ್ರಶಾಂತನಿಗೆ ನಾನೇ ಮೆಸೇಜ್ ಹಾಕಿದೆ: ಹೂವಿನ ಕುಂಡದ ಮನೆ ಬೇಡ.

ಈ ಚಾನೆಲ್ಲಿನ ಕಾಟ ಅಂತೂ ತಪ್ಪಲಿಲ್ಲ. ಮುಂದಿನ ಸಂಕಷ್ಟಿ ಶನಿವಾರ ಬಿದ್ದಿದೆ. ಕನ್ನಡ ಅರ್ಧ ಗಂಟೆ ಆ ದಿನ ಬೇಡ, ಚಂದ್ರನಿಗೆ ಅಡ್ಡವಾಗುತ್ತದೆ ಎಂದು ಇವರಿಗೆ ಹೇಳಿದ್ದೇನೆ. ಸಂಜೆ ಇವರನ್ನು ಏಣಿ ಹತ್ತಿಸಿ ಕ್ಯಾಮೆರಾ ತಿರುಗಿಸಲು ಹೇಳಿದೆ. ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಕೆಳಗಿನಿಂದ ಕೂಗಿ ಗಂಟಲು ಕಟ್ಟಿತು. ಸಾಕಲ್ಲವೇನೇ ಎಂದು ಅಲ್ಲಿಗೇ ಬಿಟ್ಟು ಇಳಿದುಬಂದರು. ಎಲ್ಲಿ ಸಾಕು? ಚಂದ್ರ ತೆರೆಯ ಅಂಚಿಗೆ ಹೋಗಿಬಿಡುತ್ತಾನೆ. ನಾಳೆ ನಾನೇ ಹತ್ತಿ ಸರಿಮಾಡಬೇಕು.